ಮಹಶೀರ್ ಮರಿ ಬಿಡುವ ಮೊದಲು, ಕುಣಿಗಲ್ ಅಣ್ಣನವರಿಗೆ

ಅಣ್ಣಾ, ಕೃಷಿ ಹೊಂಡಕ್ಕೆ ಮಹಶೀರ್ ಮರಿ ತರಬಹುದಾ, ಉಳಿದದ್ದನ್ನು ಮಾರ್ಕೋನಹಳ್ಳಿ ಜಲಾಶಯಕ್ಕೆ ಬಿಟ್ಟರೆ ಅಳಿಯುತ್ತಿರುವ ಮೀನನ್ನು ಉಳಿಸಿದ ಹಾಗಾಗುತ್ತದಾ ಅಂತ ಕೇಳಿದ್ದೀರಿ. ನಿಮ್ಮ ಕಾಳಜಿ ನೋಡಿ ಖುಷಿಯಾಯಿತು. ಆದರೆ ದಯವಿಟ್ಟು ಎರಡೂ ಬೇಡ.

ಮಹಶೀರ್‌ನಲ್ಲಿ ಹಲವು ಬಗೆ ಇವೆ, ಅದರಲ್ಲಿ ಅಳಿವಿನ ಅಂಚಿಗೆ ಬಂದಿರುವುದು ಗೂನುಬೆನ್ನಿನ ಮಹಶೀರ್. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಅದು ಇಲ್ಲ. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ ಒಂದು ಮೀನು 120 ಪೌಂಡ್ ಇತ್ತು, ಅಂದರೆ ಸುಮಾರು 54 ಕೆಜಿ. ಇಷ್ಟು ದೊಡ್ಡ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಯಾವುದು ಎಂದು ಗೊತ್ತಾಗಿದ್ದು 2018ರಲ್ಲಿ. ಕೇರಳದ ಪಾಂಬಾರ್ ನದಿಯ (ಅದೂ ಕಾವೇರಿ ಕಡೆಗೇ ಹರಿಯುತ್ತದೆ) ಸಣ್ಣ ಮೀನುಗಳಿಗೆ 2007ರಲ್ಲಿ ಇಟ್ಟಿದ್ದ 'ಟಾರ್ ರೆಮಾದೇವಿ' ಎಂಬ ಹೆಸರು ಇದರದ್ದೇ ಎಂದು ತಿಳಿಯಿತು. ಅದೇ ವರ್ಷ ಇದು ತೀವ್ರ ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಗೂ ಸೇರಿತು. ಈಗ ಉಳಿದಿರುವುದು ಮೋಯಾರ್ ನದಿಯಂಥ ಕೆಲವೇ ಕಡೆ.

ಮಾರ್ಕೋನಹಳ್ಳಿ ಜಲಾಶಯ ಇರುವ ಶಿಂಷಾ ನದಿ ಹುಟ್ಟುವುದು ನಮ್ಮ ದೇವರಾಯನದುರ್ಗದಲ್ಲಿ, ಸೇರುವುದು ಕಾವೇರಿಗೆ. ಹಾಗಾಗಿ ನಮ್ಮ ನೀರೂ ಅದರ ಮನೆಯೇ ಅಲ್ವಾ ಅಂತ ಅನಿಸುವುದು ಸಹಜ. ಆದರೆ ಈ ಮೀನಿಗೆ ಬಂಡೆಗಳ ನಡುವೆ ರಭಸವಾಗಿ ಹರಿಯುವ ನೀರು ಬೇಕು. ಬೇಸಿಗೆಯಲ್ಲೂ ಬತ್ತದ ಆಳದ ಮಡು ಬೇಕು. ಮೊಟ್ಟೆ ಇಡಲು ಹೂಳು ತುಂಬದ ಗರಸು ತಳ ಬೇಕು. ನಮ್ಮ ಕಡೆ ಏಪ್ರಿಲ್‌ನಲ್ಲಿ ಶಿಂಷಾ ಹೇಗಿರುತ್ತದೆ ಎಂದು ನಿಮಗೇ ಗೊತ್ತು. ಇನ್ನು ಪ್ಲಾಸ್ಟಿಕ್ ಹಾಸಿದ ಹೊಂಡದ ಮಾತೇ ಬೇಡ.

ಇದಕ್ಕಿಂತ ಮುಖ್ಯವಾದದ್ದು, ಯಾರೋ ನಿಮಗೆ ಕೊಡುತ್ತೇನೆ ಎಂದಿರುವ ಮರಿ ಯಾವುದು ಎಂಬುದು. ಸಾಕಣೆ ಕೇಂದ್ರಗಳಲ್ಲಿ ಬೆಳೆಸಿ ಕಾವೇರಿಗೆ ಬಿಟ್ಟಿರುವುದು ನೀಲಿ ರೆಕ್ಕೆಯ ಮಹಶೀರ್. ಅದು ಕೃಷ್ಣಾ ಕಡೆಯ ಮೀನು. ಮಹಾರಾಷ್ಟ್ರದ ಲೋನಾವಳದಲ್ಲಿ ಮರಿ ಮಾಡಿ 1970ರ ದಶಕದಿಂದ ಬಿಡಲು ಶುರು ಮಾಡಿದರು, ಅದೂ ಮೀನು ಉಳಿಯಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ. ಆಮೇಲೆ ನೀಲಿ ರೆಕ್ಕೆಯದು ಜಾಸ್ತಿಯಾಯಿತು, ಕಿತ್ತಳೆ ಬಣ್ಣದ ರೆಕ್ಕೆಯ ನಮ್ಮ ಗೂನುಬೆನ್ನಿನದು ಕಾಣದಾಯಿತು. ಅಣೆಕಟ್ಟು, ಮರಳು ತೆಗೆಯುವುದು, ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಇವುಗಳ ಪೆಟ್ಟಿನ ಜೊತೆಗೆ ಇದೂ ಸೇರಿತು. ಅದನ್ನೇ ನಾವು ಮತ್ತೆ ಮಾಡುವುದು ಬೇಡ.

ಹೊಂಡದಲ್ಲಷ್ಟೇ ಇಟ್ಟುಕೊಳ್ಳುತ್ತೇನೆ ಅನ್ನಬೇಡಿ. ಒಂದು ಮಳೆಗಾಲದಲ್ಲಿ ನಮ್ಮೂರ ಕೆರೆ ಕೋಡಿ ಬಿದ್ದು ನನ್ನ ಹೊಂಡವೂ ತುಂಬಿ ಹರಿಯಿತು. ಮಾರನೇ ದಿನ ನನ್ನ ಗೆಂಡೆಗಳು ಕೆಳಗಿನ ಹಳ್ಳದಲ್ಲಿ ಸಿಕ್ಕವು. ನಿಮ್ಮ ಕಡೆ ಹಳ್ಳ ತಲುಪಿದರೆ ಶಿಂಷಾ ತಲುಪಿದಂತೆಯೇ.

ಹೊಂಡಕ್ಕೆ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಸಾಕು. ತುಂಬಿ ಹರಿಯುವ ಕಡೆ ಸಣ್ಣ ಕಣ್ಣಿನ ಬಲೆ ಕಟ್ಟಿ. ಕಾವೇರಿ ಕಡೆ ಹೋದಾಗ ತಲೆಯ ಹಿಂದಿನಿಂದಲೇ ಗೂನು ಎದ್ದಿರುವ, ಕಿತ್ತಳೆ ರೆಕ್ಕೆಯ ಮೀನು ಯಾರ ಬಲೆಗಾದರೂ ಬಿದ್ದಿದ್ದು ಕಂಡರೆ, ನೀರಲ್ಲಿ ಇದ್ದ ಹಾಗೇ ಒಂದು ಫೋಟೋ ತೆಗೆದು, ಅದನ್ನು ಬಿಟ್ಟುಬಿಡಲು ಹೇಳಿ. ಫೋಟೋ ಇಲ್ಲಿ ಹಾಕಿ, ಆದರೆ ಜಾಗದ ಹೆಸರು ಬರೆಯಬೇಡಿ.