ದೆವ್ವದ ಪಬ್ ಸುತ್ತಾಟಕ್ಕೆ ಮುನ್ನ

ಪ್ರಶ್ನೆ: ಅಮೆರಿಕದ ಸವಾನಾ ನಗರದಲ್ಲಿ ಗೈಡ್ ಜೊತೆಗಿನ 'ದೆವ್ವದ ಪಬ್' ನಡಿಗೆಗೆ, ಅಂದರೆ ದೆವ್ವದ ಕಥೆ ಕೇಳುತ್ತ ಪಬ್ಬಿನಿಂದ ಪಬ್ಬಿಗೆ ಹೋಗುವ ಸುತ್ತಾಟಕ್ಕೆ ಸೇರಲಿದ್ದೇವೆ. ಏನು ಗಮನಿಸಬೇಕು?

ಉತ್ತರ: ಮೊದಲು ಪಾಸ್‌ಪೋರ್ಟ್. ಅಲ್ಲಿ ಕುಡಿಯಲು 21 ತುಂಬಿರಬೇಕು. ತಲೆ ನರೆತಿದ್ದರೂ ದಾಖಲೆ ಕೇಳಬಹುದು, ಜೆರಾಕ್ಸ್ ನಂಬಬೇಡಿ. ಟಿಕೆಟ್ ಹಣ ಸಾಮಾನ್ಯವಾಗಿ ಕಥೆಗೆ ಮಾತ್ರ, ಗ್ಲಾಸಿಗಲ್ಲ; ಗೈಡ್‌ಗೆ ಟಿಪ್ಸ್ ಬೇರೆ.

ಹಳೇ ಊರಿನ ಗಡಿಯೊಳಗೆ 16 ಔನ್ಸ್, ಅಂದರೆ ಸುಮಾರು 473 ಮಿ.ಲೀ. ವರೆಗಿನ ಪ್ಲಾಸ್ಟಿಕ್ ಲೋಟ ಹಿಡಿದು ಬೀದಿಯಲ್ಲೇ ಕುಡಿಯಬಹುದು. ಗಾಜು, ಡಬ್ಬಿ ಕೂಡದು. ಎಡವಟ್ಟಾಗುವುದು ಇಲ್ಲೇ. ಶೇ. 7ರ ಬಿಯರ್ ಆ ಲೋಟದ ತುಂಬ ಇದ್ದರೆ, ಅದರ ಮದ್ಯಸಾರ ಶೇ. 5ರ 355 ಮಿ.ಲೀ. ಬಿಯರಿನ ಹತ್ತಿರಹತ್ತಿರ ಎರಡರಷ್ಟು. ಪ್ರತಿ ಪಬ್ಬಿನಲ್ಲೂ ತುಂಬಿಸಿಕೊಂಡರೆ ಮೂರನೆಯದರಲ್ಲಿ ದೆವ್ವ ಗ್ಯಾರಂಟಿ! ಉಂಡು ಹೊರಡಿ, ನಡುನಡುವೆ ನೀರು ಕುಡಿಯಿರಿ.

ನದಿ ದಂಡೆಗಿಳಿಯುವ ಹಳೇ ಕಲ್ಲುಮೆಟ್ಟಿಲು ಬಲು ಕಡಿದು. ಹಡಗುಗಳು ಓಲಾಡದಿರಲೆಂದು ಭಾರಕ್ಕೆ ಹೇರಿ ತಂದ ಉರುಟು ಕಲ್ಲುಗಳೇ ಅಲ್ಲಿನ ನೆಲಹಾಸು. ಹೀಲ್ಸ್ ಬೇಡ, ಬೂಟೇ ಇರಲಿ.