ಶಿಲೀಂಧ್ರದ ಫ್ಲಾಸ್ಕಿನಲ್ಲಿ ಬಂದ ಹೊಸ ಪೀಕ್ ಮೆಟಬೊಲೈಟೇ ಹೌದಾ?

ಕನ್ನಿಂಗ್‌ಹ್ಯಾಮೆಲ್ಲಾ ಎಲಿಗನ್ಸ್ ಎಂಬ ಶಿಲೀಂಧ್ರದ ಕಲ್ಚರ್‌ಗೆ ಔಷಧ ಹಾಕಿ ಐದು ದಿನ ಶೇಕರ್‌ನಲ್ಲಿ ಇಟ್ಟಿದ್ದೀರಿ, ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ವಸ್ತುಗಳನ್ನು ಬೇರ್ಪಡಿಸಿ ಪೀಕ್‌ಗಳಾಗಿ ತೋರಿಸುವ ಉಪಕರಣ) ಹೊಸ ಪೀಕ್ ಬಂದಿದೆ. ಮನುಷ್ಯನ ದೇಹದಲ್ಲಿ ಆಗುವ ಮೆಟಬೊಲೈಟ್ (ಔಷಧ ಬದಲಾಗಿ ಆಗುವ ವಸ್ತು) ಇದೇ ಅಂತ ಬರೆಯಬಹುದಾ ಅಂತ ಕೇಳಿದ್ದೀರಿ. ಈಗಲೇ ಬರೆಯಬೇಡಿ. ಶಿಲೀಂಧ್ರವೇ ಇಲ್ಲದ ಫ್ಲಾಸ್ಕಿಗೂ ಔಷಧ ಹಾಕಿ ಇಟ್ಟಿದ್ದಿರಾ?

ನಾನು ಇಟ್ಟಿರಲಿಲ್ಲ. ಎಸ್ಟರ್ ಇದ್ದ ಒಂದು ಔಷಧದ ಹಿಂದೆ ಮೂರು ವಾರ ಬಿದ್ದೆ. ಕೊನೆಗೆ ನೋಡಿದರೆ ಬರೀ ಮೀಡಿಯಾದಲ್ಲಿ (ಶಿಲೀಂಧ್ರ ಬೆಳೆಸುವ ಪೋಷಕ ದ್ರವದಲ್ಲಿ) ಇಟ್ಟಾಗಲೂ ಅದೇ ಪೀಕ್. ಎಸ್ಟರ್ ನೀರಿನಲ್ಲಿ ತಾನಾಗಿ ಒಡೆಯುತ್ತಿತ್ತು, ಶಿಲೀಂಧ್ರಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅಂದಿನಿಂದ ಪ್ರತಿ ಬ್ಯಾಚ್‌ನಲ್ಲೂ ಮೂರು ಕಂಟ್ರೋಲ್ (ಹೋಲಿಸಿ ನೋಡುವ ಫ್ಲಾಸ್ಕು) ಇಡುತ್ತೇನೆ: ಔಷಧವಿದ್ದು ಶಿಲೀಂಧ್ರವಿಲ್ಲದ್ದು, ಶಿಲೀಂಧ್ರವಿದ್ದು ಔಷಧದ ಬದಲು ಅಷ್ಟೇ ಡಿಎಂಎಸ್‌ಒ (ಔಷಧ ಕರಗಿಸುವ ದ್ರಾವಕ) ಹಾಕಿದ್ದು, ಆಟೋಕ್ಲೇವ್ ಮಾಡಿ ಕೊಂದ ಶಿಲೀಂಧ್ರಕ್ಕೆ ಔಷಧ ಹಾಕಿದ್ದು. ಮೂರನೆಯದನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಎಣ್ಣೆಯಂಶಕ್ಕೆ ಒಲಿಯುವ ಔಷಧಗಳು ಮೈಸೀಲಿಯಂಗೆ, ಅಂದರೆ ಶಿಲೀಂಧ್ರದ ಎಳೆಗಳಿಗೆ, ಅಂಟಿಕೊಳ್ಳುತ್ತವೆ. ದ್ರವದಲ್ಲಿ ಔಷಧ ಕಡಿಮೆಯಾದ ಮಾತ್ರಕ್ಕೆ ಅದು ಬದಲಾಯಿತು ಅನ್ನುವಂತಿಲ್ಲ. ಮೈಸೀಲಿಯಂ ಅನ್ನೂ ಈಥೈಲ್ ಅಸಿಟೇಟ್‌ನಲ್ಲಿ ತೊಳೆದು ನೋಡಿ.

ಹಾಗಂತ ವಿಧಾನದ ಮೇಲೆ ಅನುಮಾನ ಬೇಡ. 1952ರಲ್ಲೇ ಅಪ್‌ಜಾನ್ ಕಂಪನಿಯ ಪೀಟರ್ಸನ್ ಮತ್ತು ಮರ್ರಿ, ರೈಜೋಪಸ್ ಶಿಲೀಂಧ್ರ ಪ್ರೊಜೆಸ್ಟರಾನ್‌ನ 11ನೇ ಇಂಗಾಲಕ್ಕೆ ಹೈಡ್ರಾಕ್ಸಿಲ್ ಸೇರಿಸುತ್ತದೆ ಎಂದು ತೋರಿಸಿದರು. ಕಾರ್ಟಿಸೋನ್ ತಯಾರಿಕೆಗೆ ದಾರಿಯಾದದ್ದು ಅದೇ. ಎಪ್ಪತ್ತರ ದಶಕದಲ್ಲಿ ಸ್ಮಿತ್ ಮತ್ತು ರೊಸಾಝಾ, ಸಸ್ತನಿಗಳ ಚಯಾಪಚಯಕ್ಕೆ ಸೂಕ್ಷ್ಮಜೀವಿಗಳನ್ನು ಮಾದರಿಯಾಗಿ ಬಳಸಬಹುದು ಎಂದರು. ನಮ್ಮ ಯಕೃತ್ತಿನ ಹಾಗೆ ಈ ಶಿಲೀಂಧ್ರಗಳಲ್ಲೂ ಔಷಧಗಳನ್ನು ಬದಲಾಯಿಸುವ ಸೈಟೋಕ್ರೋಮ್ ಪಿ450 ಕಿಣ್ವಗಳಿವೆ.

ಕಂಟ್ರೋಲ್‌ಗಳಲ್ಲಿ ನಿಮ್ಮ ಪೀಕ್ ಕಾಣದಿದ್ದರೆ ಮಾಸ್ (ಅಣುವಿನ ತೂಕ) ನೋಡಿ. ಮೂಲ ಔಷಧಕ್ಕಿಂತ 16 ಹೆಚ್ಚಿದ್ದರೆ ಒಂದು ಆಮ್ಲಜನಕ ಸೇರಿದೆ, 14 ಕಡಿಮೆಯಾಗಿದ್ದರೆ ಬಹುಶಃ ಮೀಥೈಲ್ ಹೋಗಿದೆ, 176 ಹೆಚ್ಚಿದ್ದರೆ ಗ್ಲುಕುರೊನೈಡ್ (ಗ್ಲುಕುರೊನಿಕ್ ಆಮ್ಲ ಅಂಟಿದ ಅಣು) ಇರಬಹುದು. 162 ಹೆಚ್ಚಿದ್ದರೆ ಹುಷಾರು! ಅದು ಗ್ಲುಕೋಸ್ ಅಂಟಿದ ಅಣು ಇರಬಹುದು. ಮನುಷ್ಯರಲ್ಲಿ ಔಷಧಗಳಿಗೆ ಅದು ಅಪರೂಪ.

ಆಮ್ಲಜನಕ ಸೇರಿದ್ದು ಎಲ್ಲಿ ಎಂದು ಮಾಸ್ ಒಂದೇ ಖಚಿತವಾಗಿ ಹೇಳುವುದಿಲ್ಲ, ಎನ್‌ಎಂಆರ್ (ಅಣುವಿನ ರಚನೆ ತೋರಿಸುವ ಪರೀಕ್ಷೆ) ಬೇಕು. ಶಿಲೀಂಧ್ರದ ನಿಜವಾದ ಉಪಕಾರ ಇರುವುದು ಇಲ್ಲೇ ಅಂತ ನನಗನಿಸುತ್ತದೆ. ಮೈಕ್ರೊಸೋಮ್‌ನಿಂದ (ಯಕೃತ್ತಿನ ಜೀವಕೋಶಗಳಿಂದ ತೆಗೆದ, ಕಿಣ್ವಗಳಿರುವ ಭಾಗ) ಎನ್‌ಎಂಆರ್‌ಗೆ ಸಾಲುವಷ್ಟು ವಸ್ತು ತೆಗೆಯುವುದು ದುಬಾರಿ, ಇಲ್ಲಿ ಫ್ಲಾಸ್ಕುಗಳನ್ನು ಹೆಚ್ಚಿಸಿದರೆ ಹಲವು ಮಿಲಿಗ್ರಾಂ ಕೈಗೆ ಬರುತ್ತದೆ.

ಆಮ್ಲಜನಕ ಸೇರಿದ ಜಾಗ ಸರಿಯಿದ್ದೂ, ಅದು ಸೇರಿದ ದಿಕ್ಕು ಬೇರೆ ಇರಬಹುದು. ನ್ಯಾಫ್ತಲೀನ್‌ನಿಂದ ನಿಮ್ಮ ಕನ್ನಿಂಗ್‌ಹ್ಯಾಮೆಲ್ಲಾ ಮಾಡುವ ಟ್ರಾನ್ಸ್-ಡೈಹೈಡ್ರೊಡಯೋಲ್, ಸಸ್ತನಿಗಳ ಯಕೃತ್ತಿನಲ್ಲಿ ಮುಖ್ಯವಾಗಿ ಆಗುವುದರ ಕನ್ನಡಿ ಬಿಂಬ. ಹಾಗಾಗಿ ಶುದ್ಧ ಮಾಡಿದ ವಸ್ತುವನ್ನು ಮಾನವ ಮೈಕ್ರೊಸೋಮ್ ಸ್ಯಾಂಪಲ್ ಜೊತೆ ಓಡಿಸಿ, ಕೈರಲ್ ಕೇಂದ್ರವಿದ್ದರೆ (ಅಣುವಿಗೆ ಕನ್ನಡಿ ಬಿಂಬದ ರೂಪ ಕೊಡುವ ಜಾಗ) ಆ ಎರಡು ರೂಪಗಳನ್ನು ಬೇರ್ಪಡಿಸುವ ಕೈರಲ್ ಕಾಲಮ್‌ನಲ್ಲೂ ಓಡಿಸಿ. ಅಲ್ಲಿಯವರೆಗೆ ವರದಿಯಲ್ಲಿ ‘ಶಿಲೀಂಧ್ರದ ಮೆಟಬೊಲೈಟ್’ ಎಂದಷ್ಟೇ ಬರೆಯಿರಿ.