ಸಿರಿಗಡಿಗೆ ಹೊರಟವರಿಗೆ: ಮೊದಲು ದೋಣಿ ಮಾರಬೇಡಿ

ನಿಮ್ಮ ಓಲೆ ಮೊನ್ನೆ ಉಪ್ಪಿನ ಗಾಡಿಯವರ ಕೈಯಿಂದ ತಲುಪಿತು. ಒಂದು ಮೂಲೆ ನೆನೆದು ಶಾಯಿ ಹರಡಿತ್ತು. ಆದರೂ ಐದು ಪ್ರಶ್ನೆಗಳನ್ನೂ ಓದಿಕೊಂಡೆ. ಸಿರಿಗಡಿಯಲ್ಲಿ ಕೆಲಸ ಸಿಗುತ್ತದೆಯೇ, ಬಂದ ಕೂಡಲೇ ಕೋಟೆಯೊಳಗೆ ಮನೆ ಹಿಡಿಯಬಹುದೇ, ತಿಂಗಳಿಗೆ ಎಷ್ಟು ಉಳಿಯುತ್ತದೆ, ನಮ್ಮ ಅಳಿವೆನಾಡಿನವರನ್ನು ಇಲ್ಲಿಯವರು ಹೇಗೆ ನಡೆಸಿಕೊಳ್ಳುತ್ತಾರೆ, ದೋಣಿ ಮಾರಿ ತಾಯಿಯನ್ನೂ ಕರೆದುಕೊಂಡು ಬಂದುಬಿಡಲೇ.

ಕೊನೆಯ ಪ್ರಶ್ನೆಗೇ ಮೊದಲ ಉತ್ತರ. ದೋಣಿ ಮಾರಬೇಡಿ. ಓಲೆಯ ಉಳಿದ ಭಾಗವನ್ನು ಓದದಿದ್ದರೂ ನಡೆಯುತ್ತದೆ, ಇದೊಂದನ್ನು ಗಂಟು ಹಾಕಿಕೊಳ್ಳಿ.

ಕೆಲಸ ಸಿಗುತ್ತದೆ. ಆ ವಿಷಯದಲ್ಲಿ ದಲ್ಲಾಳಿ ನಿಮಗೆ ಸುಳ್ಳು ಹೇಳಿಲ್ಲ. ಇಲ್ಲಿಯ ಗೋಡೆ ಬೆಳೆಯುತ್ತದೆ ಎಂಬುದನ್ನು ನಾನು ಚಿಕ್ಕಂದಿನಲ್ಲಿ ಅಜ್ಜಿಕಥೆ ಎಂದುಕೊಂಡಿದ್ದೆ. ಬಂದ ಮೊದಲ ಮಳೆಗಾಲದಲ್ಲೇ ಕಣ್ಣಾರೆ ಕಂಡೆ. ಮಳೆ ಹಿಡಿದರೆ ಸಾಕು, ಕಲ್ಲಿನ ಮೈಯಿಂದ ಚಿಗುರು ಒಡೆಯುತ್ತದೆ. ಆ ನಾಲ್ಕು ತಿಂಗಳಲ್ಲಿ ನಾಲ್ಕು ಬೆರಳು ದಪ್ಪ. ಚಳಿ ಬಿದ್ದ ಮೇಲೆ ನಿದ್ದೆ ಹೋಗುತ್ತದೆ, ಬೇಸಿಗೆಯಲ್ಲಿ ಅಲ್ಲೊಂದು ಇಲ್ಲೊಂದು ಮೊಳಕೆ. ಹೊರಮುಖವಾಗಿ ಬೆಳೆದಿದ್ದರೆ ಯಾರಿಗೂ ಚಿಂತೆಯಿರಲಿಲ್ಲ. ಇದು ಬೆಳೆಯುವುದು ಒಳಮುಖವಾಗಿ. ಬಿಟ್ಟರೆ ಬೀದಿಯನ್ನು ತಿನ್ನುತ್ತದೆ, ಆಮೇಲೆ ಮನೆಯನ್ನು.

ನಂಬಿಕೆ ಬರದಿದ್ದರೆ, ಬಂದ ಮೇಲೆ ಒಮ್ಮೆ ಊರಿನ ಬಡಗಣ ತುದಿಗೆ ಹೋಗಿ ನೋಡಿ. ಅಲ್ಲಿ ಹಿಂದೆ ಹೆಬ್ಬಾಗಿಲೊಂದಿತ್ತು. ಎರಡು ತಲೆಮಾರಿನ ಹಿಂದೆ, ಬೇನೆ ಬಂದು ಊರಿನಲ್ಲಿ ಕೆಲಸಕ್ಕೆ ಕೈಗಳೇ ಇಲ್ಲದಾದಾಗ, ಗೋಡೆ ಅದನ್ನು ನುಂಗಿತು. ಈಗ ಉಳಿದಿರುವುದು ಬಾಗಿಲವಾಡದ ಮೇಲಿನ ಕೆತ್ತನೆ ಮಾತ್ರ: ಒಂದು ಆನೆಯ ಸೊಂಡಿಲು, ಅರ್ಧ ಕಿವಿ. ಉಳಿದ ಆನೆ ಕಲ್ಲಿನೊಳಗಿದೆ. ಮಕ್ಕಳು ಸವರಿ ಸವರಿ ಸೊಂಡಿಲಿನ ತುದಿ ಎಣ್ಣೆ ಹಚ್ಚಿದಂತೆ ಮಿನುಗುತ್ತದೆ. ಅಂದಿನಿಂದ ಈ ಊರು ಹೊರಗಿನವರಿಗೆ ಬಾಗಿಲು ತೆರೆದಿದೆ. ಪ್ರೀತಿಯಿಂದ ತೆರೆದದ್ದಲ್ಲ, ಕೈಗಳು ಬೇಕಾಗಿದ್ದವು. ನನಗೆ ಅದರಲ್ಲೇನೂ ಬೇಸರವಿಲ್ಲ. ಪ್ರೀತಿಯಿಂದ ಕರೆದವರು ಮನಸ್ಸು ಬದಲಿಸಬಹುದು, ಗೋಡೆ ಬೆಳೆಯುವುದನ್ನು ನಿಲ್ಲಿಸುವುದಿಲ್ಲ.

ಗೋಡೆಯ ಚಿಗುರನ್ನು ಉಳಿಯಿಂದ ಎಬ್ಬಿಸಿ ತೆಗೆಯುವುದಕ್ಕೆ ಇಲ್ಲಿ ಚಿವುಟುವುದು ಎನ್ನುತ್ತಾರೆ, ಸೊಪ್ಪು ಚಿವುಟಿದ ಹಾಗೆ. ಬೆಳಗಿನ ಜಾವ ತೆಗೆದ ಚಿಗುರುಗಲ್ಲು ಎಳನೀರಿನ ಗಂಜಿಯಷ್ಟು ಮೆತ್ತಗಿರುತ್ತದೆ, ಉಗುರು ಊರುತ್ತದೆ. ಬಿಸಿಲೇರುವ ಹೊತ್ತಿಗೆ ಗಟ್ಟಿ. ಆಮೇಲೆ ಉಳಿ ಮುರಿದೀತೇ ಹೊರತು ಕಲ್ಲು ಕದಲುವುದಿಲ್ಲ. ಅದಕ್ಕೇ ಊರಿಗೆ ಊರೇ ಕತ್ತಲಿರುವಾಗ ಎದ್ದು ಗೋಡೆಗೆ ಹೋಗುತ್ತದೆ. ಹೀಗೆ ತೆಗೆದ ಕಲ್ಲು ರಾತ್ರಿ ಬೆಳಕು ಕೊಡುತ್ತದೆ, ಸುಮಾರು ಒಂದು ವರ್ಷದವರೆಗೆ. ಎಣ್ಣೆ ಬೇಡ, ಬತ್ತಿ ಬೇಡ, ಗಾಳಿಗೆ ಆರುವುದಿಲ್ಲ. ನಮ್ಮ ಅಳಿವೆಯ ಬಾಯಿಯಲ್ಲಿ ದೋಣಿಗಳಿಗೆ ದಾರಿ ತೋರುವ ದೀಪವೂ ಇಲ್ಲಿಂದ ಹೋದದ್ದೇ. ವರ್ಷ ಕಳೆದರೆ ಕಲ್ಲು ಮಂಕಾಗುತ್ತದೆ, ಕೊಂಡವರು ಮತ್ತೆ ಕೊಳ್ಳಲೇಬೇಕು. ಸಿರಿಗಡಿಯ ಸಿರಿ ಇಷ್ಟೇ. ಚಿನ್ನದ ಗಣಿ, ರಾಜರ ನಿಧಿ ಎಂದು ದಲ್ಲಾಳಿ ಹೇಳಿದ್ದರೆ ನಕ್ಕುಬಿಡಿ.

ಇಲ್ಲಿಯ ನಾಣ್ಯದ ಹೆಸರು ತೆನೆ. ಮೊದಲ ಸಂಬಳ ಕೈಗೆ ಬಂದಾಗ ಅದರ ಮೇಲಿನ ಮುದ್ರೆಯನ್ನು ನೋಡಿ ನನ್ನ ಕಣ್ಣು ತುಂಬಿತ್ತು. ಭತ್ತದ ತೆನೆ ಎಂದುಕೊಂಡಿದ್ದೆ. ಪಕ್ಕದಲ್ಲಿದ್ದ ಮುದುಕ ನಾಣ್ಯವನ್ನು ತಿರುಗಿಸಿ ಹಿಡಿದು, ಕೋಟೆಯ ನೆತ್ತಿಯತ್ತ ಬೆರಳು ತೋರಿಸಿದ. ಅದು ಕೋಟೆಯ ತೆನೆ! 20 ತೆನೆಗೆ ಒಂದು ಕಟ್ಟು. ಅದನ್ನು ಕೇಳಿದಾಗಲೂ ನನ್ನ ಮನಸ್ಸು ಹೊರೆ ಕಟ್ಟಿದ ಪೈರಿನ ಕಡೆಗೇ ಹೋಯಿತು. ಇಲ್ಲಿಯವರಿಗೆ ಕಟ್ಟು ಎಂದರೆ ಗಾರೆ, ಕಲ್ಲು, ಕಟ್ಟಡ. ಒಂದೇ ಮಾತು, ಎರಡು ಊರು.

ಈಗ ಲೆಕ್ಕಕ್ಕೆ ಬರೋಣ. ದಲ್ಲಾಳಿ ನಿಮಗೆ ತಿಂಗಳಿಗೆ 4 ಕಟ್ಟು ಉಳಿಯುತ್ತದೆ ಎಂದಿದ್ದಾನೆ. ಹೊಸ ಚಿವುಟುಗಾರನ ದಿನಗೂಲಿ 5 ತೆನೆ. ತಿಂಗಳಿಗೆ 24 ದಿನ ಕೆಲಸ ಎಂದರೆ 120 ತೆನೆ, ಅಂದರೆ ದುಡಿಮೆ ಪೂರ್ತಿ 6 ಕಟ್ಟು. ಕೋಟೆಯೊಳಗೆ ಒಂದು ಕೋಣೆಗೆ ತಿಂಗಳಿಗೆ 70 ತೆನೆ ಬಾಡಿಗೆ. ಊಟಕ್ಕೆ ಹಿಡಿದು ಖರ್ಚು ಮಾಡಿದರೂ 40. ನೀರಿಗೆ 8. ಉಳಿದದ್ದು ಎರಡು ತೆನೆ. ಒಂದು ಸಲ ಹಲ್ಲುನೋವು ಬಂದರೆ ಅದೂ ಇಲ್ಲ. ಕೋಟೆಯ ಹೊರಗೆ, ಅಗಳಿನ ಆಚೆ ಹೊರಪೇಟೆಯಲ್ಲಿ ಅಂಥದೇ ಕೋಣೆ 30 ತೆನೆಗೆ ಸಿಗುತ್ತದೆ. ದಿನವೂ ಒಳಗೆ ಬರುವಾಗ ಅರ್ಧ ತೆನೆ ಸುಂಕ ಕಟ್ಟಬೇಕು, ತಿಂಗಳಿಗೆ 12 ಆಯಿತು. ಊಟ, ನೀರಿನ ಖರ್ಚು ಒಳಗಿನಷ್ಟೇ. 30 ತೆನೆ ಉಳಿಯುತ್ತದೆ, ಒಂದೂವರೆ ಕಟ್ಟು. ದಲ್ಲಾಳಿಗೆ ನೀವು ಕೊಡಬೇಕಾದ 12 ಕಟ್ಟು ಸಾಲವನ್ನು ಹೊರಪೇಟೆಯಲ್ಲಿದ್ದರೆ ಎಂಟು ತಿಂಗಳಲ್ಲಿ ತೀರಿಸುತ್ತೀರಿ. ಒಳಗಿದ್ದರೆ ಹತ್ತು ವರ್ಷ ಬೇಕು. ನೀವೇ ಬೆರಳು ಮಡಚಿ ಎಣಿಸಿ ನೋಡಿ.

ಆದರೂ ಬಂದವರೆಲ್ಲ ಒಳಗೇ ನುಗ್ಗುತ್ತಾರೆ. ಊರಿಗೆ ಓಲೆ ಬರೆಯುವಾಗ "ಕೋಟೆಯೊಳಗಿದ್ದೇನೆ" ಎಂದು ಬರೆಯುವ ಆಸೆ. ನಾನೂ ಅದೇ ಮೂರ್ಖತನ ಮಾಡಿದವರ ಪೈಕಿ. ಎಂಟು ತಿಂಗಳು ಒಳಗೆ ಗೂಡಿನಂಥ ಕೋಣೆಯಲ್ಲಿದ್ದು, ಬಾಡಿಗೆ ಕಟ್ಟಲಾಗದೆ ಚಾಪೆ ಸುತ್ತಿಕೊಂಡು ಹೊರಪೇಟೆಗೆ ನಡೆದೆ. ಸೇತುವೆ ದಾಟುವಾಗ ಯಾರಾದರೂ ನೋಡಿಯಾರೆಂದು ಚಾಪೆಯನ್ನು ಬೆನ್ನಿನ ಹಿಂದೆ ಹಿಡಿದುಕೊಂಡಿದ್ದೆ. ಯಾರೂ ನೋಡಲಿಲ್ಲ.

ದಲ್ಲಾಳಿಗಳು ಬಾಯಿ ಬಿಡದ ವಿಷಯ ಇನ್ನೊಂದಿದೆ. ಈ ಊರಿನಲ್ಲಿ ಪೌರತ್ವ ಮನೆಯಿಂದ ಬರುವುದಿಲ್ಲ, ಗೋಡೆಯಿಂದ ಬರುತ್ತದೆ. ಒಂದೇ ಜಾಗವನ್ನು ಮೂರು ಮಳೆಗಾಲ ತಪ್ಪದೆ ಚಿವುಟಿದವರ ಹೆಸರಿನಲ್ಲಿ ಆ ಗೋಡೆಯ ಒಂದು ಮೊಳ ಬರೆದುಕೊಡುತ್ತಾರೆ. ಕಲ್ಲಿನ ಮೇಲೆಯೇ ಹೆಸರು ಕೊರೆಯುತ್ತಾರೆ. ಚಿಗುರು ಬಂದು ಹೆಸರು ಮುಚ್ಚುವುದರಿಂದ ಪ್ರತಿ ಚಳಿಗಾಲ ಮತ್ತೆ ಕೊರೆಯಬೇಕು, ಅದಕ್ಕೂ ಒಂದು ಶುಲ್ಕ ಇಟ್ಟಿದ್ದಾರೆ! ಮೊಳ ಸಿಕ್ಕ ಮೇಲೆ ಸುಂಕವಿಲ್ಲ, ಆ ಮೊಳದ ಕಲ್ಲು ಮಾರಿದ ಹಣದಲ್ಲಿ ಮೂರರಲ್ಲೊಂದು ಪಾಲು ನಿಮ್ಮದು, ಮಕ್ಕಳಿಗೆ ಪಾಠಶಾಲೆ. ಈ ಮೂರು ಮಳೆಗಾಲದ ಲೆಕ್ಕದಲ್ಲಿ ನೀವು ಎಲ್ಲಿ ಮಲಗುತ್ತೀರಿ ಎಂಬುದನ್ನು ಯಾರೂ ಕೇಳುವುದಿಲ್ಲ. ಹೊರಪೇಟೆಯಲ್ಲಿ ಮಲಗಿದರೂ ಲೆಕ್ಕ ನಡೆಯುತ್ತದೆ. ಇದನ್ನು ತಿಳಿದುಕೊಳ್ಳಲು ನನಗೆ ಒಂದೂವರೆ ವರ್ಷ ಹಿಡಿಯಿತು.

ತಪ್ಪದೆ ಎಂದರೆ ತಪ್ಪದೆಯೇ. ಮಳೆಗಾಲದಲ್ಲಿ ಸತತ ಐದು ದಿನ ಗೋಡೆಗೆ ಹೋಗದಿದ್ದರೆ ಲೆಕ್ಕ ಸೊನ್ನೆಗೆ ಇಳಿಯುತ್ತದೆ. ಅಪ್ಪ ಹೋದ ಸುದ್ದಿ ನನಗೆ ಬಂದದ್ದು ಎರಡನೆಯ ಮಳೆಗಾಲದ ನಟ್ಟನಡುವೆ. ಅಳಿವೆಗೆ ಹೋಗಿ ಬರಲು 16 ದಿನ ಬೇಕು. ಮೇಸ್ತ್ರಿ ಕೆಟ್ಟವನಲ್ಲ. "ಹೋಗು, ಆದರೆ ಪುಸ್ತಕದಲ್ಲಿ ನಾನು ಸುಳ್ಳು ಬರೆಯಲಾರೆ" ಎಂದ. ಹೋದೆ. ಚಿತೆ ಆರಿ ಎಷ್ಟೋ ದಿನವಾಗಿತ್ತು. ಅಪ್ಪನ ಬಲೆಯನ್ನು ಮಡಚಿ ಅಟ್ಟಕ್ಕೆ ಹಾಕಿ, ಅಮ್ಮನ ಕೈಯ ಗಂಜಿ ಎರಡು ದಿನ ಉಂಡು, ಹಿಂತಿರುಗಿ ಬಂದು ಒಂದರಿಂದ ಎಣಿಸಲು ಶುರುಮಾಡಿದೆ. ನಿಮಗೂ ಇಂಥದ್ದು ಬರಬಹುದು. ಹೋಗಬೇಕೇ ಬೇಡವೇ ಎಂದು ಆಗ ಯಾರನ್ನೂ ಕೇಳಬೇಡಿ, ಈಗಲೇ ಯೋಚಿಸಿ ಇಟ್ಟುಕೊಳ್ಳಿ.

ಧೂಳಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹಸಿಗಲ್ಲು ಧೂಳೆಬ್ಬಿಸುವುದಿಲ್ಲ. ಗಟ್ಟಿಯಾದ ಮೇಲೆ ಉಜ್ಜಿ ನಯಗೊಳಿಸುವ ಚಾವಡಿಯಲ್ಲಿ ಧೂಳು ಹೊಗೆಯಂತೆ ನಿಂತಿರುತ್ತದೆ. ಅಲ್ಲಿ ದಿನಕ್ಕೆ 8 ತೆನೆ ಕೊಡುತ್ತಾರೆ. ಯಾಕೆ ಅಷ್ಟು ಕೊಡುತ್ತಾರೆ ಎಂದು ಕೇಳಿಕೊಂಡವರು ಕಡಿಮೆ. ನನ್ನ ಜೊತೆ ಒಂದೇ ಗಾಡಿಯಲ್ಲಿ ಬಂದ ಏಳು ಜನರಲ್ಲಿ ಮೂವರು ಚಾವಡಿ ಸೇರಿದರು. ಆರು ವರ್ಷದೊಳಗೆ ಮೂವರಿಗೂ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಒದ್ದೆ ಬಟ್ಟೆ ಮೂಗಿಗೆ ಕಟ್ಟಿದರೆ ಸಾಕೆನ್ನುತ್ತಾರೆ, ಸಾಲದು. ಕಲ್ಲಿನ ಮೇಲೆ ಸದಾ ನೀರು ಹರಿಯುತ್ತಿರಬೇಕು, ಧೂಳು ಗಾಳಿಗೆ ಏಳುವ ಮುನ್ನವೇ ಕೆಸರಾಗಬೇಕು. ನೀರು ಬಿಡುವ ಚಾವಡಿಗಳು ಈಗ ಎರಡಿವೆ, ಅಲ್ಲಿ ಕೂಲಿ 6 ತೆನೆ. ಹೋಗುವುದೇ ಆದರೆ ಅಲ್ಲಿಗೆ ಹೋಗಿ.

ಜನರ ಸಂಗತಿ. ನಮ್ಮನ್ನು ಕೆಸರುಗಾಲಿನವರು ಎನ್ನುತ್ತಾರೆ. ಮೊದಲು ಚುಚ್ಚುತ್ತದೆ, ಆಮೇಲೆ ಒಗ್ಗುತ್ತದೆ, ಕೊನೆಗೆ ಹೊಸದಾಗಿ ಬಂದವರನ್ನು ಕಂಡು ನಮ್ಮ ಬಾಯಲ್ಲೂ ಅದೇ ಬರುತ್ತದೆ. ಮನೆಗೆ ಕರೆಯುವವರಲ್ಲ. ಹತ್ತು ವರ್ಷ ಪಕ್ಕದಲ್ಲಿ ನಿಂತು ಉಳಿ ಹಿಡಿದವರ ಹೊಸಿಲನ್ನು ನಾನು ತುಳಿದಿಲ್ಲ. ಆದರೆ ಒಮ್ಮೆ ನನಗೆ ಜ್ವರ ಬಂದು ಮೂರು ದಿನ ಮಲಗಿದ್ದೆ. ಎದ್ದು ಹೋಗಿ ನೋಡಿದರೆ ನನ್ನ ಪಾಲಿನ ಗೋಡೆ ನುಣ್ಣಗಿತ್ತು. ಪಕ್ಕದ ಮೊಳದ ಹೆಂಗಸು ಚಿವುಟಿದ್ದಳು. ಕೈಮುಗಿದೆ, ಅವಳು ತಲೆಯಾಡಿಸಿ ಸುಮ್ಮನಾದಳು. ಹದಿನೈದು ದಿನ ಕಳೆದ ಮೇಲೆ ಬಂದು, "ನಾಳೆಯಿಂದ ಮೂರು ದಿನ ನನ್ನ ಮೊಳ ನಿನ್ನದು, ಮಗಳ ಮದುವೆಯಿದೆ" ಎಂದಳು. ಮದುವೆಗೆ ಕರೆಯಲಿಲ್ಲ! ಆ ದಿನ ಅತ್ತಿದ್ದೆ. ನಮ್ಮಲ್ಲಿ ಉಪಕಾರವನ್ನು ಹೀಗೆ ತೂಗಿ ಅಳೆದು ವಾಪಸ್ಸು ಕೇಳುವವರಿಲ್ಲವಲ್ಲ ಎಂದು. ಈಗ ನಾನು ತೂಕದ ಅಂಗಳದಲ್ಲಿ ತಕ್ಕಡಿ ಹಿಡಿಯುವ ಕೆಲಸದಲ್ಲಿದ್ದೇನೆ, ಲೆಕ್ಕ ಚುಕ್ತಾ ಆದ ಸಂಬಂಧದಲ್ಲಿ ಒಂದು ಬಗೆಯ ನಿರಾಳವಿದೆ ಎಂದು ಅನಿಸುತ್ತದೆ. ನಿಮಗೆ ಅನಿಸದೆಯೂ ಹೋಗಬಹುದು.

ಕಹಳೆಯ ನಿಯಮ ನೆನಪಿರಲಿ. ಸಂಜೆ ಮೂರು ಸಲ ಊದುತ್ತಾರೆ, ಮೂರನೆಯದಕ್ಕೆ ಬಾಗಿಲು ಹಾಕುತ್ತಾರೆ. ಆಮೇಲೆ ದಿಡ್ಡಿ ಬಾಗಿಲು ತೆರೆಯುವುದು ಸೂಲಗಿತ್ತಿಗೆ ಮತ್ತು ಹೆಣಕ್ಕೆ ಮಾತ್ರ. ಬೇರೆ ನೆಪಗಳನ್ನೆಲ್ಲ ಕೇಳಿ ಕೇಳಿ ಕಾವಲಿನವರಿಗೆ ಸಾಕಾಗಿದೆ.

ತಾಯಿಯನ್ನು ಮೊದಲ ವರ್ಷ ಕರೆತರಬೇಡಿ. ಹೊರಪೇಟೆಯ ಬಾವಿಗೆ 112 ಮೆಟ್ಟಿಲು, ಅಳಿವೆಯ ಮೊಣಕಾಲಿಗೆ ಅದು ಆಗದು. ಅದಕ್ಕಿಂತ ಹೆಚ್ಚಾಗಿ, ಬೆಳಗಿನ ಜಾವದಿಂದ ಬಿಸಿಲೇರುವವರೆಗೆ ಊರಿಡೀ ಉಳಿಯ ಸದ್ದು. ಅಲೆಯ ಸದ್ದಿಗೆ ಮಲಗಿ ಎದ್ದವರಿಗೆ ಅದು ತಲೆಯೊಳಗೇ ಹೊಡೆದಂತೆ. ನನಗೆ ಈಗ ಕೇಳುವುದಿಲ್ಲ. ವರ್ಷಕ್ಕೊಂದು ದಿನ ಉಳಿಗಳಿಗೆ ಪೂಜೆ ಎಂದು ಕೆಲಸ ನಿಲ್ಲಿಸುತ್ತಾರೆ, ಆ ದಿನ ಮಾತ್ರ ಕತ್ತಲಲ್ಲೇ ಬೆಚ್ಚಿ ಎದ್ದು ಕೂರುತ್ತೇನೆ.

ದೋಣಿಯ ಮಾತಿಗೆ ಬಂದೆ. ಚಾವಡಿ ಸೇರಿದ ಆ ಮೂವರಲ್ಲಿ ಇಬ್ಬರು ದೋಣಿ ಮಾರಿ ಬಂದವರು. ಉಸಿರು ಹಿಡಿದ ಮೇಲೂ ಅವರು ಚಾವಡಿ ಬಿಡಲಿಲ್ಲ. ಬಿಟ್ಟು ಹೋಗಿ ಮಾಡುವುದೇನು? ಮೂರನೆಯವನ ದೋಣಿ ತಮ್ಮನ ಬಳಿ ಪಾಲಿಗೆ ಇತ್ತು. ಕೆಮ್ಮು ಶುರುವಾದ ವರ್ಷವೇ ಅವನು ಹೊರಟುಹೋದ. ಈಗ ದೂರ ಹೋಗಲಾಗದಿದ್ದರೂ ದಂಡೆಯ ಬಳಿ ಬಲೆ ಬೀಸುತ್ತಾನೆ ಎಂದು ಉಪ್ಪಿನ ಗಾಡಿಯವರು ಹೇಳುತ್ತಾರೆ. ಇನ್ನಿಬ್ಬರ ಹೆಸರು ಪಡುವಣ ಬಾಗಿಲ ಬಳಿಯ ಮೊಳಗಳ ಮೇಲಿವೆ. ಚಳಿಗಾಲದಲ್ಲಿ ಅವನ್ನು ಮತ್ತೆ ಕೊರೆಸುವ ಶುಲ್ಕವನ್ನು ನಾವು ನಾಲ್ವರು ಹಂಚಿಕೊಳ್ಳುತ್ತೇವೆ. ನಿಮ್ಮ ದೋಣಿಯನ್ನು ಪಾಲಿಗೆ ಕೊಡಿ, ಬಾಡಿಗೆಗೆ ಕೊಡಿ, ಇಲ್ಲವೇ ಮಗುಚಿ ಮರಳಿನ ಮೇಲೆ ಹಾಕಿ ಬನ್ನಿ.

ಬರುವುದಾದರೆ ಮಳೆಗೆ ಒಂದು ತಿಂಗಳಿರುವಾಗ ಬನ್ನಿ, ಕೈ ಪಳಗಲು ಅಷ್ಟು ಬೇಕು. ಒಣಮೀನು ತರಬೇಡಿ, ಸುಂಕದ ಕಟ್ಟೆಯಲ್ಲಿ ಮೂಗು ಮುಚ್ಚಿಕೊಂಡು ಅಗಳಿಗೆ ಎಸೆಯುತ್ತಾರೆ. ತರಬೇಕಾದದ್ದು ಉಳಿಗೆ ಹಾಕುವ ಕಾಂಡ್ಲಾ ಮರದ ಹಿಡಿ. ಇಲ್ಲಿಯ ಮರ ಒದ್ದೆ ಕಲ್ಲಿನ ಕೆಲಸಕ್ಕೆ ಎರಡು ತಿಂಗಳಲ್ಲಿ ಸೀಳುತ್ತದೆ. ಉಪ್ಪುನೀರಿನಲ್ಲಿ ಬೆಳೆದ ಕಾಂಡ್ಲಾ ವರ್ಷಗಟ್ಟಲೆ ತಾಳುತ್ತದೆ. ಎರಡು ಹಿಡಿ ತನ್ನಿ, ಒಂದು ನಿಮಗೆ, ಇನ್ನೊಂದನ್ನು ಮಾರಿದರೆ ಒಂದು ಕಟ್ಟು ಸಿಗುತ್ತದೆ. ತೆಂಕಣ ಬಾಗಿಲಲ್ಲಿ ಸುಂಕ ಕಟ್ಟಿ ಬಲಕ್ಕೆ ತಿರುಗಿದರೆ ತೂಕದ ಅಂಗಳ. ಮಧ್ಯಾಹ್ನದ ಹೊತ್ತು ದೊಡ್ಡ ತಕ್ಕಡಿಯ ಬಳಿ ಇರುತ್ತೇನೆ.

ಎರಡಲ್ಲ, ಮೂರು ಹಿಡಿ ತನ್ನಿ. ತಕ್ಕಡಿಗೆ ಬಂದರೂ ಮೊಳ ಚಿವುಟುವುದು ತಪ್ಪಿಲ್ಲ, ನನ್ನದು ಕಳೆದ ವಾರ ಸೀಳಿತು.